ಗುರುತಿಲ್ಲದ ರಕ್ತ

೧೯೮೪, ಶ್ರಾವಣ ಮಾಸದ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ರಾಯಚೂರಿನಲ್ಲಿ ನಾನು ಕೆಲಸಕ್ಕಿದ್ದ ಆಸ್ಪತ್ರೆಯ ಹೆರಿಗೆ ವಾರ್ಡು. ಹಾಜರಿದ್ದವರು: ಡಾಕ್ಟರಮ್ಮ, ರಕ್ತ ಪರೀಕ್ಷೆಯ ಟೆಕ್ನಿಷಿಯನ್, ವಾರ್ಡಿನ ಸಿಸ್ಟರ್ ಆಗಿದ್ದ ನಾನು, ಕಿಟಕಿ ಪಕ್ಕದ ಮಂಚದ ಮೇಲೆ ನೋವು ಶುರುವಾಗಿದ್ದ ಹಿರೇಕೊಟ್ನೆಕಲ್ಲಿನ ಹೆಣ್ಣುಮಗಳು, ಆಕೆಯ ಕಾಲ ಬಳಿ ನೆಲದ ಮೇಲೆ ಕೂತಿದ್ದ ಮುದುಕಿ.

ಮೊದಲು ದಿನ, ಆಮೇಲೆ ಹೊತ್ತು, ಆಮೇಲೆ ಯಾರ್ಯಾರು ಇದ್ದರು, ನಿನ್ನ ಅಭಿಪ್ರಾಯವೇನಾದರೂ ಇದ್ದರೆ ಕಟ್ಟಕಡೆಗೆ. ತರಬೇತಿಯಲ್ಲಿ ನಮ್ಮ ಮೇಟ್ರನ್ ಹೇಳಿಕೊಟ್ಟ ಕ್ರಮ ಇದು. ನಿವೃತ್ತಿಯಾದ ಮೇಲೂ ಕೈ ಹಾಗೇ ಬರೆಯುತ್ತದೆ.

ಮುದುಕಿ ಆ ಹೆಣ್ಣುಮಗಳಿಗೆ ಅತ್ತೆ, ಅಜ್ಜಿಯೂ ಹೌದು. ಮುದುಕಿಯ ಹಿರಿಯ ಮಗಳನ್ನು ದೇವದುರ್ಗ ತಾಲೂಕಿನ ಗೂಗಲ್ಲಿಗೆ ಕೊಟ್ಟಿದ್ದರು. ಆ ಮಗಳ ಮಗಳನ್ನು ಮುದುಕಿ ತನ್ನ ದೊಡ್ಡ ಮಗನಿಗೇ ತಂದುಕೊಂಡಿದ್ದಳು. ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಸಾಮಾನ್ಯ. ಕುರಿ, ಹೊಲ, ಮನೆತನ ಎಲ್ಲ ಕೈಬಿಟ್ಟು ಹೋಗುವುದಿಲ್ಲ ಎನ್ನುತ್ತಾರೆ. ಹುಡುಗಿಗೂ ಗೊತ್ತಿದ್ದ ಮನೆ, ಗೊತ್ತಿದ್ದ ಬೈಗುಳ.

ಮೊದಲನೇ ಹೆರಿಗೆ ತವರಿನಲ್ಲಿ, ಗೂಗಲ್ಲಿನಲ್ಲಿ, ಸೂಲಗಿತ್ತಿಯ ಕೈಯಲ್ಲಿ ಆಗಿತ್ತು. ಗಂಡುಮಗು, ಗಟ್ಟಿಮುಟ್ಟಾಗಿ ಬೆಳೆಯುತ್ತಿತ್ತು. ಎರಡನೆಯದು ಹುಟ್ಟಿದ ದಿನವೇ ಅರಿಶಿನ ಬಳಿದಂತೆ ಹಳದಿಯಾಯಿತು. ಕಾಮಣಿ ಎಂದು ಸಿರವಾರದ ಹತ್ತಿರ ಯಾರೋ ಕೊಟ್ಟ ಬೇರಿನ ರಸ ನಾಲಿಗೆಗೆ ಹಚ್ಚಿದರು. ಮಗು ಹಾಲು ಬಿಟ್ಟಿತು, ಬಿಲ್ಲಿನಂತೆ ಹಿಂದಕ್ಕೆ ಬಾಗಿತು, ಹೋಗಿಬಿಟ್ಟಿತು. ಈಗ ಮೂರನೆಯದು ಹೊಟ್ಟೆಯಲ್ಲಿತ್ತು. ಅದು ಉಳಿಯುತ್ತದೆಯೇ ಎಂಬುದೊಂದೇ ಆ ಸೋಮವಾರದ ಪ್ರಶ್ನೆ.

ಇಂಥ ಹಳದಿ ಮಕ್ಕಳನ್ನು ಎಪ್ಪತ್ತರ ದಶಕದಲ್ಲಿ, ಮಾನ್ವಿಯಲ್ಲಿ ದಾದಿಯಾಗಿದ್ದಾಗ, ನಾನು ಕಂಡಿದ್ದೆ. ಎಳೆಬಿಸಿಲಿಗೆ ಹಿಡಿಯಿರಿ ಎಂದು ಹೇಳುತ್ತಿದ್ದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಬಹಳಷ್ಟು ಮಕ್ಕಳು ಚೇತರಿಸಿಕೊಳ್ಳುತ್ತಿದ್ದವು. ಕೆಲವು ಮನೆಗಳಲ್ಲಿ ಮಾತ್ರ ಮೊದಲನೇ ಮಗು ಸುಖವಾಗಿದ್ದು, ಆಮೇಲಿನವು ಒಂದರ ಹಿಂದೆ ಒಂದು ಹಳದಿಯಾಗಿ ಹೋಗುತ್ತಿದ್ದವು. ಯಾಕೆ ಎಂದು ರಾಯಚೂರಿಗೆ ಬಂದ ಮೇಲೆ ಕಲಿತೆ.

ನಮ್ಮ ರಕ್ತದ ಕೆಂಪು ಕಣಗಳ ಮೈಮೇಲೆ ಗುರುತುಗಳಿರುತ್ತವೆ. ಪ್ರತಿಜನಕ ಎಂದು ಪುಸ್ತಕದ ಹೆಸರು. ಅವುಗಳಲ್ಲಿ ಒಂದು ಗುರುತು ಬಹುಪಾಲು ಜನರಿಗೆ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಇಲ್ಲದವರಿಗೆ ಅದರಿಂದ ಯಾವ ಕೊರತೆಯೂ ಇಲ್ಲ. ತೊಂದರೆ ಬರುವುದು ಗುರುತಿಲ್ಲದ ತಾಯಿಯ ಹೊಟ್ಟೆಯಲ್ಲಿ, ತಂದೆಯಿಂದ ಗುರುತು ಪಡೆದ ಮಗು ಬೆಳೆದಾಗ. ಮೊದಲ ಹೆರಿಗೆಯಲ್ಲಿ ಮಗುವಿನ ಒಂದಿಷ್ಟು ರಕ್ತ ತಾಯಿಯ ಮೈಗೆ ಸೇರುತ್ತದೆ. ತಾಯಿಯ ಮೈ ಆ ಗುರುತನ್ನು ಹಿಂದೆಂದೂ ಕಂಡಿಲ್ಲ. ಅದನ್ನು ಪರಕೀಯವೆಂದು ತಿಳಿದು ನಿಧಾನವಾಗಿ ಅದರ ಮೇಲೆ ಹೋಗುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅಷ್ಟರಲ್ಲಿ ಮಗು ಹುಟ್ಟಿ ತೊಟ್ಟಿಲಲ್ಲಿರುತ್ತದೆ, ಅದಕ್ಕೇನೂ ಆಗುವುದಿಲ್ಲ. ಮೈ ಮಾತ್ರ ಮರೆಯುವುದಿಲ್ಲ. ಮುಂದಿನ ಬಸಿರಿನಲ್ಲಿ ಅದೇ ಗುರುತು ಕಂಡ ಕೂಡಲೇ ಪ್ರತಿಕಾಯಗಳು ಬೇಗ, ಬಹಳ ತಯಾರಾಗಿ, ಹೊಕ್ಕುಳಬಳ್ಳಿಯ ದಾರಿಯಿಂದ ಮಗುವಿಗೆ ದಾಟಿ ಅದರ ಕೆಂಪು ಕಣಗಳನ್ನು ಒಡೆಯುತ್ತವೆ. ಒಡೆದ ರಕ್ತವೇ ಹಳದಿಯಾಗಿ ಮೈಗೇರುತ್ತದೆ. ಅತಿಯಾದರೆ ಮಿದುಳಿಗೂ ಹೋಗುತ್ತದೆ.

ಮೊದಲ ಹೆರಿಗೆಯಾದ ಕೂಡಲೇ ಕೊಟ್ಟರೆ ತಾಯಿಯ ಮೈ ಈ ಪಾಠ ಕಲಿಯದಂತೆ ತಡೆಯುವ ಚುಚ್ಚುಮದ್ದು ಆಗಲೇ ಬಂದಿತ್ತು. ಆದರೆ ಗೂಗಲ್ಲಿನ ಮನೆಯಲ್ಲಿ ಹೆತ್ತವಳ ರಕ್ತದ ಗುಂಪು ಯಾರಿಗೆ ಗೊತ್ತು? ಅದು ಗೊತ್ತಾದದ್ದು ಈ ಮೂರನೇ ಬಸಿರಿನಲ್ಲಿ, ಹಿಂದಿನ ವಾರ. ಆಕೆಯದು ಓ ನೆಗೆಟಿವ್. ಗಂಡನ ರಕ್ತವನ್ನೂ ನೋಡಬೇಕು, ಕರೆದುಕೊಂಡು ಬಾ ಎಂದು ಡಾಕ್ಟರಮ್ಮ ಮುದುಕಿಗೆ ಹೇಳಿದ್ದರು. ಎರಡು ದಿನದಲ್ಲಿ ಆಕೆ ಕರೆತಂದವನ ರಕ್ತವೂ ಓ ನೆಗೆಟಿವ್ ಎಂದೇ ಬಂತು. ಇಬ್ಬರಿಗೂ ಗುರುತಿಲ್ಲದಿದ್ದರೆ ಮಗುವಿಗೂ ಇರುವುದಿಲ್ಲ. ಸೋದರಮಾವನ ಜೊತೆಗಿನ ಮದುವೆಯಲ್ಲಿ ಹೀಗೆ ಕೂಡಿಬರುವುದುಂಟು ಎಂದು ಡಾಕ್ಟರಮ್ಮ ನಿರಾಳವಾದರು. ಎರಡನೇ ಮಗುವಿನ ಹಳದಿಗೆ ಬೇರೇನೋ ಕಾರಣವಿರಬೇಕು ಎಂದುಕೊಂಡೆವು.

ಆ ಸೋಮವಾರ ಬೆಳಿಗ್ಗೆ ಟೆಕ್ನಿಷಿಯನ್ ತಂದ ಫಲಿತಾಂಶ ಆ ನಿರಾಳವನ್ನು ಕೆಡಿಸಿತು. ತಾಯಿಯ ರಕ್ತದಲ್ಲಿ ಆ ಗುರುತಿನ ವಿರುದ್ಧ ಪ್ರತಿಕಾಯಗಳಿದ್ದವು, ಅದೂ ಜೋರಾಗಿ.

ಡಾಕ್ಟರಮ್ಮ ನನ್ನನ್ನೂ ಟೆಕ್ನಿಷಿಯನ್ನರನ್ನೂ ವರಾಂಡಕ್ಕೆ ಕರೆದರು. "ಈಕಿ ಮೈ ಆ ಗುರುತನ್ನ ಎಲ್ಲೋ ಕಂಡದ. ಗಂಡಗ ಇಲ್ಲ, ಈಕಿಗಿ ಇಲ್ಲ. ಮತ್ತ ಎಲ್ಲಿಂದ ಬಂತು? ಯಾವಾಗರೆ ರಕ್ತ ಹಾಕಿಸಿಕೊಂಡಾಳೇನು?"

"ಇಲ್ಲ," ಎಂದೆ. "ದವಾಖಾನೆ ಮೆಟ್ಟಿಲು ಹತ್ತಿದ್ದೇ ಹೋದ ವಾರ."

ಟೆಕ್ನಿಷಿಯನ್ ಕೆಮ್ಮಿದರು. "ಮೇಡಂ, ಇನ್ನೊಂದು ಕಾರಣಾನೂ ಇರಬಹುದು."

"ಆ ಕಾರಣ ನಿಮ್ಮ ಬಾಯಾಗ ಇರಲಿ," ಎಂದರು ಡಾಕ್ಟರಮ್ಮ. "ಮದ್ಲ ಗಂಡನ ರಕ್ತ ಇನ್ನೊಮ್ಮೆ ತಗೊಂಡು ನೋಡ್ರಿ."

ಒಂದು ಚೀಟಿಯ ಮೇಲಿನ ಎರಡು ಪದದಿಂದ ಒಬ್ಬ ಹೆಣ್ಣುಮಗಳ ಮರ್ಯಾದೆ ಹೋಗುವ ಹೊತ್ತು ಅದು. ಆಕೆ ಒಳಗೆ ಮಂಚದ ಸರಳು ಹಿಡಿದು ಹಲ್ಲು ಕಚ್ಚಿಕೊಂಡಿದ್ದಳು. ನಾನು ನೇರವಾಗಿ ಮುದುಕಿಯ ಮುಂದೆ ಹೋಗಿ ಕೂತೆ.

"ಯವ್ವಾ, ನಿನ್ನ ಮಗನ್ನ ಕರಿ. ಇನ್ನೊಮ್ಮೆ ರಕ್ತ ನೋಡಬೇಕು."

"ಯಾ ಮಗ? ದೊಡ್ಡಾಂವ ಕುರಿ ಹೊಡ್ಕೊಂಡು ದೇವದುರ್ಗದ ಗುಡ್ಡದ ಕಡಿ ಹೋಗಿ ತಿಂಗಳಾತು. ಈ ಎರಿಮಣ್ಣಿನ ಕೆಸರಿನ್ಯಾಗ ಕುರಿ ಕಾಲು ಕೊಳೀತಾವ."

"ಮತ್ತ ಹೋದ ವಾರ ರಕ್ತ ಕೊಟ್ಟಾಂವ ಯಾರು?"

"ಸಣ್ಣಾಂವ. ಸಿರವಾರದ ಗಿರಣ್ಯಾಗ ಹಮಾಲಿ ಮಾಡ್ತಾನ. ಅಲ್ಲೇ ಹೊರಗ ಚಾ ಕುಡಿಯಾಕತ್ಯಾನ ನೋಡು."

"ಗಂಡನ ರಕ್ತ ಬೇಕು ಅಂದಿದ್ರಲ್ಲ ಡಾಕ್ಟರಮ್ಮ."

"ಅಂದಿದ್ರು. ಕುರಿ ಬಿಟ್ಟು ಅಂವ ಹ್ಯಾಂಗ ಬರಬೇಕು? ಇಬ್ರೂ ಇದ ಹೊಟ್ಟ್ಯಾಗ ಹುಟ್ಟ್ಯಾರ, ಇದ ಮೊಲಿ ಕುಡ್ದಾರ. ಹಂಡೇದಾಗಿನ ನೀರು ಯಾ ಚರಿಗೀಲೆ ತಗೊಂಡ್ರೇನು, ನೀರ ಅಲ್ಲೇನು?"

ಮುದುಕಿ ಮುಚ್ಚಿಟ್ಟಿರಲಿಲ್ಲ. ಆಕೆಯನ್ನು ಯಾರೂ ಕೇಳಿರಲಿಲ್ಲ. ಆಕೆಯ ಲೆಕ್ಕದಲ್ಲಿ ಕೆಲಸ ಸರಿಯಾಗಿಯೇ ಮುಗಿದಿತ್ತು. ನಾನು ವರಾಂಡಕ್ಕೆ ಹೋಗಿ ಹೇಳಿದಾಗ ಡಾಕ್ಟರಮ್ಮ ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟರು. ಟೆಕ್ನಿಷಿಯನ್ ಗೋಡೆ ನೋಡಿದರು.

ಒಂದೇ ತಾಯಿಯ ಮಕ್ಕಳಾದರೂ ಒಬ್ಬನಿಗೆ ಗುರುತು ಬಂದು ಇನ್ನೊಬ್ಬನಿಗೆ ಬರದೇ ಇರಬಹುದು. ದೊಡ್ಡವನಿಗೆ ಗುರುತು ಇತ್ತು, ಮಕ್ಕಳಿಗೆ ಅದು ಬಂದಿತ್ತು ಎಂದೇ ಈಗ ಹಿಡಿಯಬೇಕು. ಎಂದರೆ ಈ ಮಗುವೂ ಹುಟ್ಟಿದ ದಿನವೇ ಹಳದಿಯಾಗಬಹುದು. ಒಡೆಯುತ್ತಿರುವ ಅದರ ರಕ್ತವನ್ನು ಸ್ವಲ್ಪ ಸ್ವಲ್ಪ ತೆಗೆದು, ಬೇರೆ ರಕ್ತ ಹಾಕಿ ಬದಲಿಸಬೇಕು. ಡಾಕ್ಟರಮ್ಮ ಆ ಕೆಲಸವನ್ನು ದೊಡ್ಡ ಆಸ್ಪತ್ರೆಯಲ್ಲಿ ಕಲಿತಿದ್ದರು. ಆದರೆ ಹಾಕುವ ರಕ್ತಕ್ಕೆ ಆ ಗುರುತು ಇರಬಾರದು. ಇದ್ದರೆ ಮಗುವಿನ ಮೈಯಲ್ಲಿ ಉಳಿದ ತಾಯಿಯ ಪ್ರತಿಕಾಯಗಳು ಅದನ್ನೂ ಒಡೆಯುತ್ತವೆ. ಓ ನೆಗೆಟಿವ್ ರಕ್ತ ನಮ್ಮ ಫ್ರಿಜ್ಜಿನಲ್ಲಿ ಇರಲಿಲ್ಲ. ಹೈದರಾಬಾದಿನಿಂದ ತರಿಸಲು ನೋವು ಕಾಯುವುದಿಲ್ಲ.

"ಅದ," ಎಂದರು ಟೆಕ್ನಿಷಿಯನ್, ಗೋಡೆಯನ್ನೇ ನೋಡುತ್ತ. "ಹೊರಗ ಚಾ ಕುಡಿಯಾಕತ್ತಾನ."

ಸಣ್ಣ ಮಗನನ್ನು ಒಳಗೆ ಕರೆದೆವು. ಇಪ್ಪತ್ತೈದರ ಆಸುಪಾಸು, ಅಕ್ಕಿ ಚೀಲ ಹೊತ್ತು ಹೆಗಲು ಒಂದು ಕಡೆ ಗಟ್ಟಿಯಾಗಿದ್ದ ಆಳು. ವಿಷಯ ಹೇಳಿದಾಗ ಅವನು ಹೆದರಲಿಲ್ಲ. "ಹೋದ ವಾರ ನನ್ನ ರಕ್ತ ತಪ್ಪು ಅಂತೀರಿ, ಈ ವಾರ ಅದ ಬೇಕಂತೀರಿ. ಎಲ್ಲಿ ಕೂಡ್ರಲಿ ಹೇಳ್ರಿ."

ಅಡ್ಡ ಬಂದವಳು ಮುದುಕಿ. "ಎಷ್ಟು ತಗೀತೀರಿ?"

ಬಾಟಲಿ ತೋರಿಸಿದೆ.

"ಇಷ್ಟು? ಹನಿ ಕೊಡೋದು ಬ್ಯಾರಿ, ಇದು ಬ್ಯಾರಿ. ಬರೋ ವರ್ಷ ಇವನ ಮದಿವಿ ಅದ. ಒಂದು ಉಳಸಾಕ ಇನ್ನೊಂದು ಕೆಡಸ್ತೀರೇನು?"

"ಯವ್ವಾ," ಎಂದ ಮಗ, "ವರ್ಷಾ ಕುರಿ ಉಣ್ಣೆ ಕತ್ತರಸ್ತೀರಿ. ಯಾ ಕುರಿ ಸತ್ತದ? ಮತ್ತ ಬೆಳಿಯಂಗಿಲ್ಲೇನು?"

"ಕುರಿಗಿ ಯಾರೂ ಹೆಣ್ಣು ಕೊಡೋದಿಲ್ಲೋ."

"ಗಿರಣ್ಯಾಗ ಸೊಳ್ಳಿ ಇದಕಿಂತ ಹೆಚ್ಚು ಕುಡ್ದಾವ. ಅವಕ್ಕ ಎಷ್ಟು ಅಂತ ನೀ ಕೇಳಿಲ್ಲ."

ರಕ್ತ ತುಂಬಿಕೊಳ್ಳುತ್ತದೆ, ಅವನು ವಾರದೊಳಗೆ ಚೀಲ ಹೊರುತ್ತಾನೆ ಎಂದು ನಾನು ಹೇಳಿದೆ. ಮುದುಕಿ ನನ್ನ ಕಡೆ ತಿರುಗಿದಳು. "ನನಗ ಒಂದು ತಿಳಿಸಿ ಹೇಳು ಸಿಸ್ಟರಮ್ಮ. ಅಣ್ಣನ ರಕ್ತ ಕೂಸಿಗಿ ವಿಷ, ತಮ್ಮನ ರಕ್ತ ಅಮೃತ ಹ್ಯಾಂಗ ಆಗ್ತದ?"

ಪುಸ್ತಕದ ಮಾತು ಅಲ್ಲಿ ನಡೆಯುತ್ತಿರಲಿಲ್ಲ. "ನಿಮ್ಮ ಕುರಿಗಿ ಗುರುತು ಹಾಕ್ತೀರಲ್ಲ?"

"ಕಿವಿ ಕೊಯ್ತೀವಿ."

"ಹಂಗ ದೊಡ್ಡಾಂವನ ರಕ್ತಕ್ಕ ಒಂದು ಗುರುತು ಅದ ಅಂತ ತಿಳಿ. ಈಕಿ ರಕ್ತಕ್ಕ ಇಲ್ಲ, ಸಣ್ಣಾಂವಂದಕ್ಕೂ ಇಲ್ಲ. ಈಕಿ ಮೈ ಆ ಗುರುತಿನ ರಕ್ತ ಕಂಡ್ರ ಬ್ಯಾರೆಯವರದು ಬಂತು ಅಂತ ಹೊಡದು ಹಾಕ್ತದ. ಗುರುತು ಇಲ್ಲದ್ದನ್ನ ಮುಟ್ಟಂಗಿಲ್ಲ."

"ಹಟ್ಟಿ ನಾಯಿ ಹಂಗ," ಎಂದಳು ಮುದುಕಿ. "ಮದ್ಲ ಸಲ ಬ್ಯಾರೆ ಕುರಿ ಬಂದ್ರ ಮೂಸಿ ನೋಡಿ ಬಿಡ್ತದ. ಎರಡನೇ ಸಲ ದೂರದಿಂದನ ಬೆನ್ನ ಹತ್ತತದ."

ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ. ಆದರೂ ಆಕೆ ಒಪ್ಪಿರಲಿಲ್ಲ. ಮಗನ ರಟ್ಟೆ ಹಿಡಿದೇ ನಿಂತಿದ್ದಳು.

ಮಂಚದ ಮೇಲಿಂದ ಹುಡುಗಿ ಬಾಯಿ ಬಿಟ್ಟಳು. ಬೆಳಗಿನಿಂದ ಆಕೆ ಆಡಿದ ಮೊದಲ ಮಾತು. "ಯವ್ವಾ, ಇದೂ ಹೋತಂದ್ರ ನಾ ನಿನ್ನ ಮನಿಗಿ ಬರಂಗಿಲ್ಲ. ಗೂಗಲ್ಲಿಗಿ ಹೋಗ್ತೀನಿ, ನಮ್ಮವ್ವನ ಕಡಿ."

"ಹೋಗು. ನಿಮ್ಮವ್ವನೂ ನಾ ಹಡದಾಕಿನ. ಅಲ್ಲೂ ನನ್ನ ಕೈಯಾಗ ಸಿಗ್ತಿ." ಹೀಗೆಂದು ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಮಗನ ರಟ್ಟೆ ಬಿಟ್ಟಳು. "ಹೋಗೋ. ತಲಿ ತಿರಗಿದ್ರ ಕೂಗು, ಇಲ್ಲೇ ಇರ್ತೀನಿ."

ತೆಗೆಯುವ ಮೊದಲು ತಾಯಿಯ ರಕ್ತದೊಂದಿಗೆ ತಾಳೆ ನೋಡಬೇಕು. ಟೆಕ್ನಿಷಿಯನ್ ಎರಡು ಗಾಜಿನ ಕೊಳವೆ ತೆಗೆದುಕೊಂಡರು. ಒಂದರಲ್ಲಿ ತಮ್ಮದೇ ರಕ್ತದ ಕಣ. ಅವರದೂ ಓ, ಆದರೆ ಗುರುತು ಇದ್ದದ್ದು. ಇನ್ನೊಂದರಲ್ಲಿ ಸಣ್ಣ ಮಗನದು. ಎರಡಕ್ಕೂ ತಾಯಿಯ ರಕ್ತದ ತಿಳಿ ಹಾಕಿ, ಬೆಚ್ಚಗಿಟ್ಟು, ತೊಳೆದು, ಪ್ರತಿಕಾಯ ಅಂಟಿದ ಕಣಗಳನ್ನು ಗಂಟುಗೂಡಿಸುವ ದ್ರಾವಣ ಬಿಟ್ಟು, ಬೆಳಕಿಗೆ ಹಿಡಿದು ನನ್ನನ್ನು ಕರೆದರು. ಅವರ ರಕ್ತ ಒಡೆದ ಹಾಲಿನಂತೆ ಗಂಟುಗಂಟಾಗಿತ್ತು. ಸಣ್ಣ ಮಗನದು ತೆಳ್ಳಗೆ ಹರಿದಾಡುತ್ತಿತ್ತು. ಒಂದು ಮೈ ಯಾವುದನ್ನು ಗುರುತಿಸಿತು, ಯಾವುದನ್ನು ಸುಮ್ಮನೆ ಬಿಟ್ಟಿತು ಎಂದು ಬರಿಗಣ್ಣಿಗೆ ಕಂಡದ್ದು ನನಗೆ ಅದೇ ಮೊದಲು.

"ಬೆಳಿಗ್ಗೆ ನಾ ಅಂದದ್ದು ಮರತುಬಿಡ್ರಿ," ಎಂದರು ಅವರು.

"ನೀವು ಏನೂ ಅಂದಿಲ್ಲ," ಎಂದೆ.

ಸಣ್ಣ ಮಗ ಬಾಟಲಿ ತುಂಬುವವರೆಗೂ ಮುಷ್ಟಿ ಬಿಚ್ಚಿ ಮುಚ್ಚಿ ಮಾಡುತ್ತಿದ್ದ. ಮುದುಕಿ ಬಾಗಿಲಲ್ಲಿ ನಿಂತು ಬಾಟಲಿಯನ್ನೇ ನೋಡಿದಳು. ಎದ್ದ ಮೇಲೆ ಗಂಟು ಬಿಚ್ಚಿ ಎರಡು ರೊಟ್ಟಿ, ಪುಂಡಿಪಲ್ಲೆ, ಒಂದು ಲೋಟ ಹಾಲು ಮುಂದಿಟ್ಟಳು. ಅವನು ಬೇಡ ಎಂದರೆ ಬೈದಳು, ಬೇಗ ತಿಂದರೂ ಬೈದಳು.

ಮಧ್ಯಾಹ್ನ ಒಂದು ಗಂಟೆಯ ನಂತರ ಹೆರಿಗೆಯಾಯಿತು. ನಾನೇ ಹಿಡಿದೆ. ಹೆಣ್ಣುಮಗು. ಅತ್ತಿತು, ಆದರೆ ಬಿಳಿಚಿತ್ತು, ಹೊಟ್ಟೆ ಉಬ್ಬಿತ್ತು. ಹೊಕ್ಕುಳಬಳ್ಳಿಯ ರಕ್ತ ಪರೀಕ್ಷೆಗೆ ಹೋಯಿತು. ಗುರುತು ಇತ್ತು, ಅದರ ಮೇಲೆ ತಾಯಿಯ ಪ್ರತಿಕಾಯಗಳೂ ಅಂಟಿಕೊಂಡಿದ್ದವು. ಮಗುವನ್ನು ಕಿಟಕಿಯ ಬೆಳಕಿಗೆ ಒಯ್ದು ಹಣೆಯನ್ನು ಬೆರಳಿನಿಂದ ಒತ್ತಿ ನೋಡಿದೆ. ಬೆರಳು ತೆಗೆದ ಜಾಗದಲ್ಲಿ ಹಳದಿ ಆಗಲೇ ಕಾಣುತ್ತಿತ್ತು.

"ಕಾಯೋದು ಬ್ಯಾಡ," ಎಂದರು ಡಾಕ್ಟರಮ್ಮ.

ಮಗುವನ್ನು ಹತ್ತಿ ಸುತ್ತಿದ ಹಲಗೆಗೆ ಮೆತ್ತಗೆ ಕಟ್ಟಿದೆವು. ರಕ್ತದ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿಟ್ಟೆ. ಹೊಕ್ಕುಳಿನ ರಕ್ತನಾಳಕ್ಕೆ ಸಣ್ಣ ನಳಿಗೆ ಸೇರಿಸಿ ಡಾಕ್ಟರಮ್ಮ ಶುರುಮಾಡಿದರು. ಒಂದಿಷ್ಟು ಹೊರಗೆ, ಅಷ್ಟೇ ಒಳಗೆ. ಅವರು ತೆಗೆದಾಗ ನಾನು "ಹೊರಗೆ" ಎನ್ನಬೇಕು, ಹಾಕಿದಾಗ "ಒಳಗೆ" ಎನ್ನಬೇಕು, ಬರೆಯಬೇಕು, ನಡುನಡುವೆ ಮಗುವಿನ ಎದೆಬಡಿತ ಕೇಳಬೇಕು. ಅವಸರ ಮಾಡುವಂತಿಲ್ಲ, ನಿಲ್ಲಿಸುವಂತಿಲ್ಲ. ಇಂಥ ಕೆಲಸ ನನಗೆ ಒಗ್ಗುತ್ತದೆ. ಕ್ರಮ ತಪ್ಪದಿದ್ದರೆ ಭಯಕ್ಕೆ ಜಾಗ ಸಿಗುವುದಿಲ್ಲ. ಒಮ್ಮೆ ಮಾತ್ರ ಎದೆಬಡಿತ ನಿಧಾನವಾಯಿತು. ಡಾಕ್ಟರಮ್ಮ ಕೈ ತಡೆದರು. ನಾನು ಮಗುವಿನ ಪಾದ ಉಜ್ಜಿದೆ. ಅದು ಮುಖ ಕಿವುಚಿ ಜೋರಾಗಿ ಅತ್ತಿತು. ಮತ್ತೆ ಮುಂದುವರಿಸಿದೆವು.

ಸಂಜೆಯ ಹೊತ್ತಿಗೆ ಬಾಟಲಿ ಬರಿದಾಯಿತು. ಮಗುವಿನ ತುಟಿಗೆ ಕೆಂಪು ಬಂದಿತ್ತು.

"ಈಗಿಂದು ದಾಟಿತು," ಎಂದರು ಡಾಕ್ಟರಮ್ಮ. "ನಾಳಿ ಮತ್ತ ಹಳದಿ ಏರಿದ್ರ ಇನ್ನೊಮ್ಮೆ ಮಾಡಬೇಕಾಗ್ತದ. ಈಗ ಕೂಸಿನ ಮೈಯಾಗ ಓಡೋ ರಕ್ತ ಬಹಳಷ್ಟು ಅದರ ಕಾಕಂದು, ಆ ಸಣ್ಣಾಂವಂದು. ಪ್ರತಿಕಾಯ ಅದನ್ನ ಒಡೆಯೋದಿಲ್ಲ. ಅಷ್ಟರಾಗ ಅವ್ವನಿಂದ ಬಂದ ಪ್ರತಿಕಾಯ ತಾವ ಕಡಿಮಿ ಆಗ್ತಾವ, ಕೂಸು ತನ್ನ ರಕ್ತ ತಾನ ಮಾಡ್ಕೊಳ್ತದ."

ಮುದುಕಿಗೆ ಹೇಳಿ ಬಂದೆ. ಗಾಜಿನ ಸಿರಿಂಜು, ನಳಿಗೆಗಳನ್ನು ಮೊದಲು ತಣ್ಣೀರಿನಲ್ಲಿ ತೊಳೆದೆ, ಬಿಸಿನೀರು ಹಾಕಿದರೆ ರಕ್ತ ಅಂಟಿಕೊಳ್ಳುತ್ತದೆ. ಕುದಿಯಲು ಇಟ್ಟು ಬಾಣಂತಿಯ ಬಳಿ ಹೋದೆ. ಮಗು ದಾಟಿತೆಂದು ಕೇಳಿದರೆ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಆಕೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ರವಿಕೆ ತೊಯ್ದಿತ್ತು.

"ಸಿಸ್ಟರಮ್ಮ, ಅವತ್ತಿನ ಕೂಸನ್ನೂ ನನ್ನ ಮೈಯೇ ಹೊಡೀತೇನ್ರಿ?"

ಬೆಳಿಗ್ಗೆ ಮುದುಕಿಗೆ ಹೇಳಿದ್ದನ್ನೆಲ್ಲ ಈಕೆ ಕೇಳಿಸಿಕೊಂಡಿದ್ದಳು. ನಾಯಿಯ ಮಾತನ್ನೂ.

"ನಿನ್ನ ಮೈ ಹೊರಗಿನದನ್ನ ತಡೆಯೋ ಕೆಲಸ ಮಾಡ್ತದ ತಂಗಿ. ಅದು ಮಾಡದಿದ್ರ ಒಂದು ಮುಳ್ಳು ಚುಚ್ಚಿದ್ರೂ ನೀ ಉಳೀತಿದ್ದಿಲ್ಲ. ಯಾವುದು ಹೊರಗಿಂದು ಅಂತ ಗುರುತು ನೋಡಿ ತಿಳಕೊಳ್ತದ. ಅದು ನಿನ್ನ ಕೂಸು ಅಂತ ಅದಕ್ಕ ಹೇಳೋರು ಯಾರೂ ಇದ್ದಿಲ್ಲ. ನಿನಗೂ ತಿಳಿದಿದ್ದಿಲ್ಲ."

ಆಕೆ ಈಗ ಈ ಕಡೆ ತಿರುಗಿದಳು. "ಮತ್ತ ನನ್ನ ಹಾಲು? ರಕ್ತ ಆಗಂಗಿಲ್ಲ ಅಂದ್ರ ಹಾಲು ಹ್ಯಾಂಗ ಆಗ್ತದ? ಮುದುಕಿ ಮ್ಯಾಕಿ ಹಾಲು ತರಸ್ತೀನಿ ಅನ್ನಾಕತ್ಯಾಳ."

ಆಕೆಯ ಪ್ರಶ್ನೆಯಲ್ಲಿ ನ್ಯಾಯವಿತ್ತು. ಉತ್ತರ ನನಗೆ ಗೊತ್ತೆಂದು ಅನಿಸಿತ್ತು, ಆದರೂ ಅನಿಸಿದ್ದನ್ನು ಹೇಳುವ ಪದ್ಧತಿ ನನ್ನದಲ್ಲ. ಡಾಕ್ಟರಮ್ಮನನ್ನು ಕರೆತಂದೆ. ಅವರು ಮಂಚದ ಅಂಚಿಗೆ ಕೂತು ಹೇಳಿದರು: ಹಾಲಿನಲ್ಲಿ ಹೋಗುವ ಪ್ರತಿಕಾಯ ಬಹಳ ಕಡಿಮೆ, ಹೋದದ್ದೂ ಹೊಟ್ಟೆಯಲ್ಲಿ ಅರಗುತ್ತದೆ, ಮಗುವಿನ ರಕ್ತಕ್ಕೆ ಸೇರಿ ಕೆಡುಕು ಮಾಡುವುದಿಲ್ಲ. "ಬ್ಯಾರೆ ರೋಗ ತಡೆಯೋ ಶಕ್ತಿ ಕೂಸಿಗಿ ಇದರಾಗ ಸಿಗ್ತದ. ಮ್ಯಾಕಿ ಹಾಲು ಬ್ಯಾಡ. ಇನ್ನೆರಡು ತಾಸು ತಡೆದು ನೀನ ಕುಡಸು."

"ಖರೇ ಹೇಳಾಕತ್ತೀರೇನ್ರಿ?"

"ಸುಳ್ಳು ಹೇಳಿ ನನಗೇನು ಬರೋದದ?"

ಎರಡು ತಾಸು ಮಗುವನ್ನು ನಾನೇ ನೋಡಿಕೊಂಡೆ. ಉಸಿರು ಸರಿಯಿತ್ತು, ಹೊಕ್ಕುಳಲ್ಲಿ ರಕ್ತ ಜಿನುಗಲಿಲ್ಲ. ದೀಪದ ಬೆಳಕಿನಲ್ಲಿ ಹಳದಿ ತಿಳಿಯುವುದಿಲ್ಲವಾದ್ದರಿಂದ ಅದನ್ನು ನಾಳೆಯ ಬೆಳಗಿಗೆ ಬಿಟ್ಟೆ. ರಾತ್ರಿ ಎಂಟು ಗಂಟೆಗೆ ಮಗುವನ್ನು ಎತ್ತಿ ತಾಯಿಯ ಮಡಿಲಲ್ಲಿಟ್ಟೆ. ಆಕೆ ರವಿಕೆಯ ಗುಂಡಿ ಬಿಚ್ಚಿ ಕೂತಳು, ಆದರೆ ಮಗುವನ್ನು ಹತ್ತಿರ ತರಲಿಲ್ಲ. ನಾನು ಅವಸರಪಡಿಸಲಿಲ್ಲ. ಮಗುವೇ ಬಾಯಿ ತೆರೆದು ಆ ಕಡೆ ಈ ಕಡೆ ತಲೆ ಹೊರಳಿಸಿ, ಹುಡುಕಿ, ಹಿಡಿಯಿತು. ಮೊದಲೆರಡು ಗುಟುಕು ಮೆಲ್ಲಗೆ, ಆಮೇಲೆ ಎಳೆದು ಕುಡಿಯಿತು. ಮುದುಕಿ ಬಗ್ಗಿ ನೋಡಿ, "ಹಸಿದಿತ್ತು," ಎಂದಳು.

ಕುಡಿದು ಮುಗಿಸಿದ ಮೇಲೆ ಹೆಗಲಿಗೆ ಹಾಕಿ ತೇಗಿಸಿ ಮಲಗಿಸಿದೆ. ಮಂಚಕ್ಕೆ ತೂಗುಹಾಕಿದ ಹಾಳೆಯಲ್ಲಿ, ಆ ದಿನದ ಕೊನೆಯ ಸಾಲಿನಲ್ಲಿ ಬರೆದೆ: ತಾಯಿಯ ಹಾಲು ಕುಡಿಸಲಾಯಿತು, ಮಗು ಚೆನ್ನಾಗಿ ಚೀಪಿತು.